ಪೆಟ್ಟಿಗೆಯೊಳಗೆ ಕೂತು ಪಾರಾದವನ ಕಥೆ ಮಕ್ಕಳಿಗೆ ಹೇಳಬಹುದಾ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಒಂದು ಹಳ್ಳಿಶಾಲೆಯ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿ ಎರಡೂ ನನ್ನವೇ. ಮಳೆ ಹಿಡಿದರೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕೊನೆ ಪಿರಿಯಡ್ ಕಥೆಗೆ ಮೀಸಲು. ಈ ವರ್ಷ ಅಮೆರಿಕದ ಗುಲಾಮರು ಉಪಾಯ ಮಾಡಿ ಪಾರಾದ ಕಥೆಗಳನ್ನು ಆರಿಸಿಕೊಂಡೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಆದರೆ ಮರದ ಪೆಟ್ಟಿಗೆಯಲ್ಲಿ ಪಾರ್ಸೆಲ್ ಆಗಿ ಹೋದ ಹೆನ್ರಿ ಬ್ರೌನ್ ಕಥೆ ಹೇಳಿದ ಮರುದಿನ ಇಬ್ಬರು ಹುಡುಗರು ಮೂರನೆಯವನನ್ನು ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಳ ಹಾಕಿದ್ದರು. ಇನ್ನೊಬ್ಬ, ನಮ್ಮ ತರಗತಿಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಗೆ ‘ನಿಮ್ಮವರನ್ನೂ ಹೀಗೇ ಮಾರ್ತಿದ್ರಂತೆ, ಹೌದಾ?’ ಅಂದ. ಅವಳು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಒಬ್ಬಳೇ ನನ್ನ ಹತ್ತಿರ ಬಂದು ‘ಅಕ್ಕೋರೇ, ಓಡಿಹೋಗದೇ ಉಳಿದವರಿಗೆ ಧೈರ್ಯ ಇರ್ಲಿಲ್ವಾ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ನಡುವೆ ಒಬ್ಬ ಹುಡುಗನ ಅಪ್ಪ ಬಂದು, ‘ಸಣ್ಣ ಮಕ್ಕಳಿಗೆ ಹೊಡೆತ ಬಡಿತದ ಕಥೆ ಯಾಕೆ?’ ಎಂದು ಬೇಸರ ಮಾಡಿಕೊಂಡರು. ಗುಲಾಮರು ಕೌದಿಯ ಚಿತ್ತಾರದಲ್ಲಿ ದಾರಿಯ ಗುಟ್ಟು ಹೊಲಿದಿಡುತ್ತಿದ್ದರು ಎಂದು ಓದಿದ್ದೆ. ಸಿದ್ದಿ ಮಕ್ಕಳ ಮನೆಯಿಂದ ಕೌದಿ ತರಿಸಿ ಅದನ್ನೇ ಮುಂದಿನ ಪಾಠ ಮಾಡೋಣ ಅಂದುಕೊಂಡಿದ್ದೆ. ಈಗ ಹಿಂಜರಿಕೆ. ಈ ಕಥೆಗಳೆಲ್ಲ ನಿಜವೇ? ಮುಂದುವರಿಸಲಾ, ನಿಲ್ಲಿಸಲಾ?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಮೂರ್ನಾಲ್ಕು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಕ್ಕಳು ಹೆದರುತ್ತಾರಾ, ಅನುಕರಣೆ ಮಾಡಿ ಅಪಾಯ ತಂದುಕೊಳ್ಳುತ್ತಾರಾ, ಸಿದ್ದಿ ಮಕ್ಕಳಿಗೆ ನೋವಾಗುತ್ತಾ, ಕಥೆ ನಿಜವಾ. ಎಲ್ಲಕ್ಕಿಂತ ದೊಡ್ಡದು ಆ ಹುಡುಗಿ ಕೇಳಿದ ಪ್ರಶ್ನೆ. ಅಲ್ಲಿಗೆ ಬರುವ ಮೊದಲು ಪೆಟ್ಟಿಗೆಯ ವಿಷಯ ಮುಗಿಸಿಬಿಡೋಣ. ಅದು ತಡ ಮಾಡುವಂಥದ್ದಲ್ಲ.

ಮುಚ್ಚಳದ ಪೆಟ್ಟಿಗೆ, ಟ್ರಂಕು, ಹಾಳಾದ ಫ್ರಿಜ್ಜು, ಭತ್ತದ ಕಣಜ, ಇವುಗಳಲ್ಲಿ ಮಕ್ಕಳು ಅಡಗಿ ಕೂತು ಉಸಿರುಕಟ್ಟಿ ಜೀವ ಹೋದದ್ದುಂಟು. ಆದ್ದರಿಂದ ಈ ಕಥೆ ಹೇಳುವುದಾದರೆ ಬರೀ ಸಾಹಸ ಹೇಳಿ ಬಿಡಬೇಡಿ, ತಯಾರಿಯನ್ನೂ ಹೇಳಿ. ಹೆನ್ರಿ ಬ್ರೌನ್ ಸುಮ್ನೆ ಪೆಟ್ಟಿಗೆಗೆ ಹಾರಿದವನಲ್ಲ. ರಿಚ್ಮಂಡಿನ ತಂಬಾಕು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸಕ್ಕೆ ಹೋಗದಿರಲು ಕಾರಣ ಬೇಕಲ್ಲ, ಅದಕ್ಕೆ ಗಂಧಕಾಮ್ಲದಿಂದ ತನ್ನ ಕೈಯನ್ನೇ ಸುಟ್ಟುಕೊಂಡ. 1849ರ ಮಾರ್ಚಿನಲ್ಲಿ ಅವನು ಕೂತ ಪೆಟ್ಟಿಗೆಯ ಉದ್ದ 3 ಅಡಿ, ಆಳ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ, ಅಗಲ 2 ಅಡಿ. ಗಾಳಿಗೆ ತೂತುಗಳಿದ್ದವು. ಬೇಕಾದರೆ ಇನ್ನೂ ಕೊರೆಯಲು ಕೈಯಲ್ಲಿ ಬೈರಿಗೆ, ಜೊತೆಗೆ ಒಂದಿಷ್ಟು ನೀರು, ಬಿಸ್ಕತ್ತು. ಈ ತುದಿಯಲ್ಲಿ ಕಳಿಸುವವರು, ಗುಲಾಮಗಿರಿ ಇಲ್ಲದ ಉತ್ತರದ ಊರು ಫಿಲಡೆಲ್ಫಿಯಾದಲ್ಲಿ ತೆರೆಯಲು ಕಾದವರು, ಎಲ್ಲರೂ ದೊಡ್ಡವರು. ಇಷ್ಟಿದ್ದರೂ ದಾರಿಯಲ್ಲಿ ಪೆಟ್ಟಿಗೆಯನ್ನು ತಲೆಕೆಳಗೆ ಇಟ್ಟರು, ಅವನು ಸಾಯುವ ಹಾಗಾದ. ಒಟ್ಟು 27 ಗಂಟೆಯ ಪ್ರಯಾಣ. ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ಅವನನ್ನು ಕಳಿಸಿಕೊಟ್ಟ ವ್ಯಾಪಾರಿ ಆಮೇಲೆ ಬೇರೆಯವರನ್ನು ಹಾಗೇ ಕಳಿಸಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದ. ಆ ಉಪಾಯ ಎರಡನೇ ಸಲ ನಡೆಯಲಿಲ್ಲ ಎನ್ನುವುದನ್ನು ಮಕ್ಕಳಿಗೆ ಖಂಡಿತ ಹೇಳಿ.

ಆಟ ಬೇಕೇ ಬೇಕೆಂದರೆ ನೆಲದ ಮೇಲೆ ಸೀಮೆಸುಣ್ಣದಿಂದ 3 ಅಡಿಗೆ 2 ಅಡಿ ಗೆರೆ ಹಾಕಿಸಿ. ಒಬ್ಬೊಬ್ಬರೇ ಆ ಗೆರೆಯೊಳಗೆ ಮೊಣಕಾಲು ಮಡಚಿ ಕೂರಲಿ. ಐದು ನಿಮಿಷಕ್ಕೇ ಕಾಲು ಜೋಮು ಹಿಡಿಯುತ್ತದೆ. 27 ಗಂಟೆ ಅಂದರೆ ಏನೆಂದು ಬಾಯಿಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ಮುಚ್ಚಳವೂ ಬೇಡ, ಅಪಾಯವೂ ಇಲ್ಲ.

ಇನ್ನು ಹೆದರಿಕೆ. ಕ್ರೌರ್ಯದ ಮಾತು ಕೇಳಿದರೆ ಸಾಕು ಮಕ್ಕಳ ಮನಸ್ಸು ಕೆಡುತ್ತದೆ ಎಂಬುದು ಸರಿಯಲ್ಲ. ನಮ್ಮ ಜಿಲ್ಲೆಯ ಮಕ್ಕಳು ಗದ್ದೆಬಯಲಿನಲ್ಲಿ ಚಾಪೆ ಹಾಸಿಕೊಂಡು ಯಕ್ಷಗಾನದ ರಾಕ್ಷಸರ ಆರ್ಭಟ ಕೇಳುತ್ತ ಬೆಳೆದವರು. ಅಜ್ಜಿಯ ತೊಡೆ ಹತ್ತಿರ ಇದ್ದರೆ ಎಂಥ ರಾಕ್ಷಸನನ್ನೂ ತಾಳಿಕೊಳ್ಳುತ್ತಾರೆ. ಸಮಾಲೋಚಕಿಯಾಗಿ ನಾನು ನೋಡಿದ ಮಟ್ಟಿಗೆ, ಈ ವಯಸ್ಸಿನ ಮಕ್ಕಳ ನಿದ್ದೆ ಕೆಡಿಸುವುದು ಚಾಟಿಯಲ್ಲ. ‘ಅಮ್ಮನನ್ನು ಒಂದು ಕಡೆ, ಮಗುವನ್ನು ಒಂದು ಕಡೆ ಮಾರಿದರು’ ಎಂಬ ಮಾತು. ಹೆನ್ರಿ ಬ್ರೌನನ ಹೆಂಡತಿ ಮಕ್ಕಳನ್ನು 1848ರಲ್ಲಿ ಮಾರಿಬಿಟ್ಟಿದ್ದರು. ಅವನು ಪೆಟ್ಟಿಗೆ ಹತ್ತಿದ್ದಕ್ಕೆ ಕಾರಣವೇ ಅದು. ಆರೇಳು ವರ್ಷದವರಿಗೆ ಈ ಭಾಗ ಹೇಳುವುದು ಬೇಡ. ಅವರಿಗೆ ಈ ಇಡೀ ಕಥೆಯೇ ಬೇಡ, ಬೇರೆ ಕಥೆಗಳಿವೆ. ನಿಮ್ಮ ಒಂಬತ್ತು ಹತ್ತು ವರ್ಷದವರಿಗೆ ಹೇಳಬಹುದು, ಆದರೆ ಕೊನೆ ಪಿರಿಯಡ್ಡಿನಲ್ಲಿ ಅಲ್ಲ. ಹೇಳಿ ಮುಗಿಸಿದ ತಕ್ಷಣ ಬೆಲ್ ಹೊಡೆದು, ಮಗು ಒಂಟಿಯಾಗಿ ಕಾಡುದಾರಿಯಲ್ಲಿ ಮನೆಗೆ ನಡೆದರೆ ಆ ಕಥೆಯನ್ನು ಯಾರ ಹತ್ತಿರ ಇಳಿಸೀತು? ಬೆಳಿಗ್ಗೆ ಹೇಳಿ. ಮಾತಾಡಲು ದಿನವಿಡೀ ಸಿಗುತ್ತದೆ.

ಕ್ರೌರ್ಯ ಅಡುಗೆಗೆ ಉಪ್ಪು ಬೀಳುವಷ್ಟೇ ಇರಲಿ. ಉಳಿದದ್ದೆಲ್ಲ ಆ ಜನರ ಕೈಚಳಕ, ತಲೆ, ಕಸುಬು. ಇಲ್ಲೇ ಈ ಕಥೆಗಳ ನಿಜವಾದ ರುಚಿ ಇರುವುದು. ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಯನ್ನೇ ನೋಡಿ. ಜಾರ್ಜಿಯಾದ ಮೇಕನ್ ಊರಿನಲ್ಲಿ ಅವಳು ಹೊಲಿಗೆಯವಳು, ಅವನು ಮರಗೆಲಸದವನು. ಎಲೆನ್ ಬಿಳಿಯರಷ್ಟೇ ಬೆಳ್ಳಗಿದ್ದಳು. ಕಾಯಿಲೆ ಬಿದ್ದ ಬಿಳಿಯ ಸಾಹುಕಾರನ ವೇಷ ಅವಳದು, ಜೊತೆಗೆ ಹೋಗುವ ಆಳಿನ ಪಾತ್ರ ಗಂಡನದು. ವೇಷದ ಸಾಮಾನನ್ನು ವಿಲಿಯಂ ಅಲ್ಲೊಂದು ಇಲ್ಲೊಂದು ಕೊಂಡುತಂದ. ಪ್ಯಾಂಟನ್ನು ಅವಳೇ ಹೊಲಿದುಕೊಂಡಳು. ಆಮೇಲೆ ಒಂದು ಕಷ್ಟ ಹೊಳೆಯಿತು. ಹೋಟೆಲಿನಲ್ಲಿ ಸಹಿ ಹಾಕು ಅನ್ನುತ್ತಾರೆ, ಇಬ್ಬರಿಗೂ ಅಕ್ಷರ ಬಾರದು. ಬಲಗೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತುಹಾಕಿದಳು. ಗಡ್ಡ ಇಲ್ಲದ ಗಲ್ಲ ಕಾಣಬಾರದು, ಮುಖಕ್ಕೂ ಪಟ್ಟಿ ಬಂತು. ಕಣ್ಣಿಗೆ ಹಸಿರು ಕನ್ನಡಕ. ರೈಲಿನಲ್ಲಿ ಪಕ್ಕದಲ್ಲೇ ಬಂದು ಕೂತವನು ಅವಳ ಯಜಮಾನನ ಪರಿಚಯದವನು! ಅವಳು ಕಿವುಡನಂತೆ ಕಿಟಕಿ ಕಡೆ ನೋಡುತ್ತ ಕೂತಳು. 1848ರ ಕ್ರಿಸ್ಮಸ್ ಬೆಳಿಗ್ಗೆ ಫಿಲಡೆಲ್ಫಿಯಾ ಸೇರಿದರು. ಸಹಿಯ ಜಾಗಕ್ಕೆ ಬಂದಾಗ ಕಥೆ ನಿಲ್ಲಿಸಿ, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ನೋಡಿ. ಮಕ್ಕಳ ತಲೆ ಎಷ್ಟು ಓಡುತ್ತದೆ ಅಂತ ಗೊತ್ತಾಗುತ್ತದೆ.

ಘಟ್ಟದ ಕೆಳಗಿನ ಶಾಲೆಗಳಲ್ಲಿ ನಾನು ಹೇಳುವ ಕಥೆ ಬೇರೆ. ಬೈತಖೋಲ, ತದಡಿಯಂಥ ಮೀನುಗಾರಿಕೆ ಬಂದರಿನ ಕಡೆಯ ಮಕ್ಕಳಿಗೆ ರಾಬರ್ಟ್ ಸ್ಮಾಲ್ಸ್ ಕಥೆಯಲ್ಲಿ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಚಾರ್ಲ್ಸ್‌ಟನ್ ಬಂದರಿನಲ್ಲಿ ‘ಪ್ಲಾಂಟರ್’ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದವನು ಆತ. ನೀರಿನ ಆಳ, ಮರಳುದಿಬ್ಬ, ಯಾವ ಕೋಟೆ ಮುಂದೆ ಎಷ್ಟು ಸಲ ಸೀಟಿ ಊದಬೇಕು, ಎಲ್ಲ ಅವನಿಗೆ ಬಾಯಿಪಾಠ. ಕೆಲಸ ಅವನದು, ಹಡಗು ಮಾತ್ರ ಯಜಮಾನರದು. 1862ರ ಮೇ 13ರ ನಸುಕಿನಲ್ಲಿ ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ ಹಡಗು ಬಿಟ್ಟ. ಇನ್ನೊಂದು ಧಕ್ಕೆಯಲ್ಲಿ ಕಾದಿದ್ದ ಹೆಂಡತಿ ಮಕ್ಕಳನ್ನು, ಜೊತೆಯವರ ಮನೆಯವರನ್ನು ಹತ್ತಿಸಿಕೊಂಡ. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿಕೊಂಡು, ಅವನ ಹಾಗೇ ಕೈಕಟ್ಟಿ ನಿಂತು, ಸರಿಯಾದ ಸೀಟಿ ಊದುತ್ತ ಕೋಟೆಗಳನ್ನು ಒಂದೊಂದಾಗಿ ದಾಟಿದ. ಕೊನೆಗೆ ಬಾವುಟ ಇಳಿಸಿ ಬಿಳಿ ಹಾಸಿಗೆಬಟ್ಟೆ ಏರಿಸಿ, ಆಗ ನಡೆದಿದ್ದ ಅಂತರ್ಯುದ್ಧದಲ್ಲಿ ಎದುರು ಪಕ್ಷದವರಾದ ಉತ್ತರದವರ ಹಡಗುಗಳ ನಡುವೆ ಹೋಗಿ ನಿಂತ. ಮುಂದೆ ಅಮೆರಿಕದ ಸಂಸತ್ತಿಗೂ ಆರಿಸಿ ಬಂದ. ಒಮ್ಮೆ ಒಬ್ಬ ತಾಂಡೇಲನ (ದೋಣಿಯ ಮುಖ್ಯಸ್ಥನ) ಮಗ ಕೇಳಿದ ಪ್ರಶ್ನೆ: ‘ಆ ಹೊತ್ತಿಗೆ ಭರತ ಇತ್ತಾ, ಇಳಿತ ಇತ್ತಾ?’ ಹೆದರಿದ ಮಗು ಕೇಳುವ ಪ್ರಶ್ನೆಯೇ ಅಲ್ಲ ಅದು.

ಫ್ರೆಡರಿಕ್ ಡಗ್ಲಸ್ ಕೂಡ ಹಡಗುಕಟ್ಟೆಯವನೇ. ಹಲಗೆಗಳ ಸಂದಿಗೆ ನಾರು ಗಿಡಿದು ನೀರು ಸೋರದ ಹಾಗೆ ಮಾಡುವ ಕಸುಬು. ಹುಡುಗನಾಗಿದ್ದಾಗ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಕಲಿತ. 1838ರಲ್ಲಿ ನಾವಿಕನ ಬಟ್ಟೆ ತೊಟ್ಟು, ಇನ್ನೊಬ್ಬ ನಾವಿಕನ ಗುರುತಿನ ಕಾಗದ ಇಟ್ಟುಕೊಂಡು ರೈಲು ಹತ್ತಿದ. ಓದಲು ಬೇಸರಪಡುವ ಮಕ್ಕಳಿಗೆ ಇದನ್ನು ಹೇಳಿ ಉಪದೇಶ ಮಾತ್ರ ಮಾಡಬೇಡಿ. ಅವರೇ ಹಿಡಿದುಕೊಳ್ಳುತ್ತಾರೆ.

ನಿಜ ಯಾವುದು, ಕಟ್ಟುಕಥೆ ಯಾವುದು ಎಂದು ಕೇಳಿದ್ದೀರಿ. ಕೌದಿಯ ಗುಟ್ಟಿಗೆ ಆಧಾರ ಸಿಕ್ಕಿಲ್ಲ. 1999ರಲ್ಲಿ ಬಂದ ಒಂದು ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಪಾರಾದವರು ತಾವೇ ಹೇಳಿದ, ಬರೆದ ಅನುಭವಗಳಲ್ಲಿ ಅದರ ಸುಳಿವಿಲ್ಲವಾದ್ದರಿಂದ ಇತಿಹಾಸಕಾರರು ಒಪ್ಪುವುದಿಲ್ಲ. ತಾನೂ ಗುಲಾಮಗಿರಿಯಿಂದ ಪಾರಾಗಿ ಬಂದ ಹ್ಯಾರಿಯೆಟ್ ಟಬ್ಮನ್ 300 ಜನರನ್ನು ಬಿಡಿಸಿದಳು ಎನ್ನುವುದೂ ಉಬ್ಬಿಸಿದ ಲೆಕ್ಕ. ಸುಮಾರು 13 ಸಲ ಹಿಂದಕ್ಕೆ ಹೋಗಿ 70ರಷ್ಟು ಜನರನ್ನು ಕರೆತಂದಳು. ಇದೇನು ಕಡಿಮೆಯಾ? ‘ನೆಲದಡಿಯ ರೈಲು’ ಎನ್ನುವುದು ಗುಟ್ಟಾಗಿ ಸಹಾಯ ಮಾಡುತ್ತಿದ್ದವರ ಸಾಲಿಗೆ ಇದ್ದ ಹೆಸರು. ರೈಲೂ ಇಲ್ಲ, ಸುರಂಗವೂ ಇಲ್ಲ. ಕೊಂಕಣ ರೈಲಿನ ಸುರಂಗ ನೋಡಿದ ಮಕ್ಕಳು ನಿಜವಾದ ರೈಲು ಅಂತಲೇ ಅಂದುಕೊಳ್ಳುತ್ತಾರೆ, ಮೊದಲೇ ಹೇಳಿಬಿಡಿ.

ಧ್ರುವ ನಕ್ಷತ್ರ ನೋಡಿ ಉತ್ತರಕ್ಕೆ ನಡೆದದ್ದು ಮಾತ್ರ ನಿಜ. ಮಳೆ ಬಿಟ್ಟ ಮೇಲೆ ಇದನ್ನು ಮಕ್ಕಳಿಗೆ ತೋರಿಸಿ. ಟಬ್ಮನ್ ಊರಾದ ಮೇರಿಲ್ಯಾಂಡಿನಲ್ಲಿ ಅದು ದಿಗಂತದಿಂದ 38 ಡಿಗ್ರಿ ಮೇಲಿದ್ದರೆ ನಮ್ಮಲ್ಲಿ 15 ಡಿಗ್ರಿಯೂ ಇಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿಯಷ್ಟೇ ಎತ್ತರ. ಘಟ್ಟದಲ್ಲಿ ಅಡಿಕೆ ತೋಟವೋ ಗುಡ್ಡವೋ ಅದನ್ನು ಮುಚ್ಚಿಬಿಡುತ್ತದೆ, ಬಯಲು ಹುಡುಕಬೇಕು.

ಈಗ ಆ ಹುಡುಗಿಯ ಪ್ರಶ್ನೆ. ಧೈರ್ಯದ ಕಥೆಗಳಲ್ಲಿ ಒಂದು ತೊಡಕಿದೆ. ಪಾರಾದವರನ್ನು ಹೊಗಳುತ್ತ ಹೋದ ಹಾಗೆ, ಉಳಿದವರು ಪುಕ್ಕಲರು ಅಂತ ಹೇಳಿದ ಹಾಗಾಗುತ್ತದೆ. ನಾವು ಬಾಯಿಬಿಟ್ಟು ಹೇಳುವುದಿಲ್ಲ, ಮಗು ಲೆಕ್ಕ ಹಾಕುತ್ತದೆ. ಲಕ್ಷಾಂತರ ಜನ ಉಳಿದರು, ಅವರಿಗೆ ಹೋಲಿಸಿದರೆ ಪಾರಾದವರು ತೀರಾ ಕಡಿಮೆ ಎಂಬುದನ್ನು ಮೊದಲು ಸರಿಯಾಗಿ ಹೇಳಬೇಕು. ಆಮೇಲೆ ಟಬ್ಮನ್ ಬದುಕಿನ ಒಂದು ಘಟನೆ ಹೇಳಿ. 1860ರಲ್ಲಿ ಕೊನೆಯ ಸಲ ಹಿಂದಕ್ಕೆ ಹೋದದ್ದು ತಂಗಿ ರೇಚಲ್ ಮತ್ತು ಅವಳ ಇಬ್ಬರು ಮಕ್ಕಳನ್ನು ಕರೆತರಲು. ಹೋಗುವ ಹೊತ್ತಿಗೆ ರೇಚಲ್ ತೀರಿಕೊಂಡಿದ್ದಳು. ಮಕ್ಕಳನ್ನು ಬಿಡಿಸಿಕೊಳ್ಳಲು 30 ಡಾಲರ್ ಲಂಚ ಬೇಕಿತ್ತು. ಟಬ್ಮನ್ ಹತ್ತಿರ ಅಷ್ಟು ಹಣ ಇರಲಿಲ್ಲ. ಆ ಮಕ್ಕಳು ಅಲ್ಲೇ ಉಳಿದರು. ಟಬ್ಮನ್‌ಗೆ ಧೈರ್ಯ ಸಾಲಲಿಲ್ಲವಾ? ರೇಚಲ್ ಪುಕ್ಕಲಿಯಾ? ಅದಕ್ಕೂ ಮೊದಲು ಅವಳು ಹೊರಡದೆ ನಿಂತದ್ದು ಮಕ್ಕಳನ್ನು ಬಿಟ್ಟು ಬರಲಾಗದೆ.

ಆ ಹುಡುಗಿಗೆ ನೀವು ಹೇಳಬಹುದಾದದ್ದು ಇಷ್ಟು: ‘ಉಳಿದವರಿಗೂ ಧೈರ್ಯ ಇತ್ತು ಮಗಾ. ಕೆಲವರಿಗೆ ಸಣ್ಣ ಮಕ್ಕಳಿದ್ರು, ಕೆಲವರ ಅಪ್ಪ ಅಮ್ಮ ನಡೆಯೋಕೆ ಆಗದವರು. ದಾರಿಯಲ್ಲಿ ನಾಯಿ, ಬಂದೂಕು. ಮಾರಿದವರದ್ದು ತಪ್ಪು, ಉಳಿದವರದ್ದಲ್ಲ.’ ಇಷ್ಟನ್ನು ಅವಳೊಬ್ಬಳಿಗೇ ಅಲ್ಲ, ಇಡೀ ತರಗತಿಗೆ ಹೇಳಿ. ಅವಳು ಕೇಳಿದಳು ಎಂದು ಮಾತ್ರ ಹೇಳಬೇಡಿ. ಅವಳು ಒಬ್ಬಳೇ ಬಂದು ಕೇಳಿದ್ದಕ್ಕೆ ಕಾರಣ ಇರುತ್ತದೆ.

ಸಿದ್ದಿಗಳ ವಿಷಯ ತರಗತಿಗೆ ತರಬೇಕೋ ಬೇಡವೋ? ಮೂರು ದಾರಿ ಕಾಣುತ್ತದೆ. ಕಥೆಗಳನ್ನೇ ನಿಲ್ಲಿಸುವುದು ಒಂದು. ಆದರೆ ಆ ಹುಡುಗನ ಮಾತು ಆಗಲೇ ಗಾಳಿಗೆ ಬಿದ್ದಾಗಿದೆ. ಈಗ ನಿಲ್ಲಿಸಿದರೆ ‘ಇದು ನಾಚಿಕೆಯ ವಿಷಯ, ಅದಕ್ಕೇ ಅಕ್ಕೋರು ಸುಮ್ಮನಾದರು’ ಎಂದು ಎಲ್ಲರೂ ತಿಳಿಯುತ್ತಾರೆ. ಎರಡನೆಯದು, ಅಮೆರಿಕದ್ದಷ್ಟೇ ಹೇಳಿ ಇಲ್ಲಿಯದನ್ನು ಮುಟ್ಟದಿರುವುದು. ಇದು ಸುಲಭ, ಆದರೆ ಮಕ್ಕಳು ತಾವೇ ಗಂಟು ಹಾಕಿಕೊಳ್ಳುತ್ತಾರೆ, ಅದೂ ತಪ್ಪುತಪ್ಪಾಗಿ. ಮೂರನೆಯದು, ಇಲ್ಲಿಯ ಇತಿಹಾಸವನ್ನು ಸರಿಯಾಗಿ ಹೇಳುವುದು. ನನ್ನ ಮತ ಇದಕ್ಕೇ. ಅಪಾಯ ಇರುವುದೂ ಇದರಲ್ಲೇ ಜಾಸ್ತಿ. ಎಲ್ಲರ ಕಣ್ಣು ಆ ಎರಡು ಮೂರು ಮಕ್ಕಳ ಮೇಲೆ ತಿರುಗಿಬಿಡುತ್ತದೆ.

ಹಾಗಾಗಿ ಮೊದಲು ಅವರ ಮನೆಗೆ ಹೋಗಿ. ಹೀಗೊಂದು ಪಾಠ ಮಾಡುವವಳಿದ್ದೇನೆ, ನಿಮಗೆ ಸರಿಯಾ ಎಂದು ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಒಪ್ಪಿದರೆ ಏನು ಹೇಳಬೇಕು, ಏನು ಬೇಡ ಎಂದು ಅವರಿಂದಲೇ ತಿಳಿದುಕೊಳ್ಳಿ. ತರಗತಿಯಲ್ಲಿ ಯಾವ ಮಗುವಿನ ಕಡೆಗೂ ತಿರುಗಿ ‘ನಿಮ್ಮ ಮನೆಯಲ್ಲಿ ಏನಂತಾರೆ?’ ಎಂದು ಕೇಳಬೇಡಿ.

ಹೇಳಬಹುದಾದ ಸಂಗತಿ ಬೇಕಾದಷ್ಟಿದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಆಮೇಲೆ ಪೂರ್ವ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ತಂದರು. ಕೆಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆಯಾಗಿ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ಕಡೆ ಇಂದಿಗೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಆಫ್ರಿಕಾದಿಂದ ಭಾರತಕ್ಕೆ ಬಂದವರೆಲ್ಲ ಗುಲಾಮರೂ ಅಲ್ಲ. ಸೈನಿಕರು, ನಾವಿಕರು, ವ್ಯಾಪಾರಿಗಳೂ ಇದ್ದರು. ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ, ಮೊಘಲರನ್ನು ವರ್ಷಾನುಗಟ್ಟಲೆ ತಡೆದು ನಿಲ್ಲಿಸಿದ, 1626ರಲ್ಲಿ ತೀರಿಕೊಂಡ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಇಲ್ಲಿಗೆ ಬಂದು ನಿಂತರೆ ಕಥೆ ಗುಲಾಮಗಿರಿಯಲ್ಲೇ ಸಿಕ್ಕಿಕೊಳ್ಳುವುದಿಲ್ಲ.

ಕೌದಿಯನ್ನು ತರಿಸಿ, ಆದರೆ ಗುಟ್ಟಿನ ನಕ್ಷೆ ಅಂತ ಅಲ್ಲ, ಕಸುಬು ಅಂತ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡು ಜೋಡಿಸಿ ಮೂಲೆಯಿಂದ ಶುರು ಮಾಡಿ, ಅಂಚು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ತ್ರಿಕೋನದ ‘ಫುಲ’ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುವುದುಂಟು. ಮಗುವಿನ ಕೈಲಿ ಬರೀ ಕೌದಿ ಕೊಟ್ಟು ಕಳಿಸಿ ಅನ್ನುವುದಕ್ಕಿಂತ, ಬರಲು ಒಪ್ಪುವ ಅಜ್ಜಿಯನ್ನೇ ಕರೆಯಿರಿ. ಅವರು ಕುರ್ಚಿಯಲ್ಲಿ ಕೂತು ಕಲಿಸಲಿ, ಮಕ್ಕಳೆಲ್ಲ ಸೂಜಿ ಹಿಡಿಯಲಿ. ಬೇರೆ ಮನೆಗಳಲ್ಲೂ ಕೌದಿ ಹೊಲಿಯುವವರು ಇರುತ್ತಾರೆ, ಅವರನ್ನೂ ಸೇರಿಸಿಕೊಳ್ಳಿ. ಆಗ ಒಬ್ಬರನ್ನೇ ಪ್ರದರ್ಶನಕ್ಕೆ ಇಟ್ಟ ಹಾಗಾಗುವುದಿಲ್ಲ.

ಆ ಮಾತಾಡಿದ ಹುಡುಗನನ್ನು ಎಲ್ಲರೆದುರು ಬೈಯಬೇಡಿ. ಅವನು ಕೇಳಿದ್ದನ್ನು ಹೇಳಿದ, ಅಷ್ಟೆ. ಪಕ್ಕಕ್ಕೆ ಕರೆದು, ‘ಮನುಷ್ಯರನ್ನು ಮಾರಿದ್ದು ಮಾರಿದವರಿಗೆ ನಾಚಿಕೆ. ನೀನು ಅದನ್ನ ಅವಳಿಗೆ ಹೇಳಿದೆಯಲ್ಲ’ ಎಂದರೆ ಸಾಕು. ಅದೇ ಮಾತನ್ನು ಅಣಕಿಸುತ್ತ ಮತ್ತೆ ಮತ್ತೆ ಹೇಳಿದರೆ ಅದು ಬೇರೆ ವಿಷಯ. ಆಗ ಹೆಡ್‌ಮಾಸ್ತರರನ್ನೂ ಮನೆಯವರನ್ನೂ ಸೇರಿಸಿ ನಿಲ್ಲಿಸಲೇಬೇಕು. ದೂರು ಹೇಳಿದ ಅಪ್ಪನನ್ನು ಒಂದು ದಿನ ಬೆಳಿಗ್ಗೆ ಕಥೆಗೇ ಕರೆಯಿರಿ, ವಾದ ಮಾಡುವುದಕ್ಕಿಂತ ಅದು ವಾಸಿ. ಅವರ ಮಗ ರಾತ್ರಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಒಲ್ಲೆ ಅನ್ನುವುದು ವಾರಗಟ್ಟಲೆ ನಡೆದರೆ ಮಾತ್ರ ವೈದ್ಯರಿಗೆ ತೋರಿಸಲು ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನೀವು ಕೇಳದ ಒಂದು ವಿಷಯ ಉಳಿಯಿತು. ಇಂಥ ಕಥೆ ಹೇಳಿದಾಗ ಯಾವುದಾದರೂ ಮಗು, ‘ನಮ್ಮಕ್ಕ ಮನೆಗೆಲಸಕ್ಕೆ ಹೋದವಳು, ಅವರು ಹಬ್ಬಕ್ಕೂ ಬಿಡೋದಿಲ್ಲ’ ಅಂತಲೋ, ‘ಅಪ್ಪ ಸಾಲ ತೀರೋವರೆಗೆ ಅಲ್ಲೇ ಇರಬೇಕಂತೆ’ ಅಂತಲೋ ಹೇಳಿಬಿಡಬಹುದು. ಸಾಲಕ್ಕೆ ದುಡಿಮೆಯನ್ನು ಒತ್ತೆ ಇಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ, ಆ ಸಾಲವೂ ಕಾನೂನಿನಲ್ಲಿ ಉಳಿಯುವುದಿಲ್ಲ. ಎಲ್ಲರೆದುರು ಮತ್ತೆ ಮತ್ತೆ ಕೆದಕಬೇಡಿ. ‘ಯಾರಿಗೂ ಹೇಳೋದಿಲ್ಲ’ ಎಂದು ಮಾತೂ ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ದುಡಿಯುತ್ತಿರುವುದು ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅದೇ ದಿನ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ದೊಡ್ಡವರ ಜೀತದ ದೂರಾದರೆ ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ.